ಠಾಣೆಗೆ ಹೋಗಲು ಮಧ್ಯವರ್ತಿ ಏಕೆ?

ಗಲ್ಫ್‌ಗೆ ಹೊರಟ ಯುವಕನ ಪಾಸ್‌ಪೋರ್ಟ್ ಪರಿಶೀಲನೆಗೆಂದು ಪೊಲೀಸ್ ಸಿಬ್ಬಂದಿಯೊಬ್ಬರು ನಮ್ಮ ಮೊಹಲ್ಲಾದ ಮನೆಯೊಂದರ ಬಾಗಿಲು ತಟ್ಟಿದರೆ ಏನಾಗುತ್ತದೆ? ಮನೆಯವರು ಗಾಬರಿಯಾಗುತ್ತಾರೆ. ನೆರೆಯವರು ಕಿಟಕಿಯಿಂದ ಇಣುಕುತ್ತಾರೆ. ಯುವಕನ ತಂದೆಯು ಬಂದವರನ್ನು ಕುಳ್ಳಿರಿಸುವುದಕ್ಕೂ ಮೊದಲೇ ಊರಿನ ಯಾವನಾದರೊಬ್ಬ ಮುಖಂಡನಿಗೆ ಫೋನ್ ಮಾಡುತ್ತಾರೆ. ಬಂದಿರುವವರು ಸರಕಾರಿ ಸೇವೆಯೊಂದನ್ನು ಒದಗಿಸಲು ಬಂದವರು ಎಂಬುದು ಯಾರ ನೆನಪಿಗೂ ಬರುವುದಿಲ್ಲ. ಸಾಗರವಿರಲಿ, ಹೊಸನಗರವಿರಲಿ, ತೀರ್ಥಹಳ್ಳಿಯಿರಲಿ, ಈ ದೃಶ್ಯದಲ್ಲಿ ಹೆಚ್ಚಿನ ವ್ಯತ್ಯಾಸವಿಲ್ಲ.

ಈ ಭಯಕ್ಕೆ ಕಾರಣಗಳಿಲ್ಲವೆಂದು ನಾವು ಹೇಳುವುದಿಲ್ಲ. ಈ ದೇಶದ ಪೊಲೀಸ್ ವ್ಯವಸ್ಥೆಯ ಅಡಿಪಾಯವನ್ನು ಹಾಕಿದವರು 1857ರ ಸಂಗ್ರಾಮದಿಂದ ಬೆಚ್ಚಿದ ಆಂಗ್ಲರು. 1861ರ ಪೊಲೀಸ್ ಕಾಯ್ದೆಯ ಉದ್ದೇಶ ಪ್ರಜೆಗಳಿಗೆ ಸೇವೆ ಸಲ್ಲಿಸುವುದಾಗಿರಲಿಲ್ಲ, ಅವರನ್ನು ಹದ್ದುಬಸ್ತಿನಲ್ಲಿಡುವುದಾಗಿತ್ತು. ಸ್ವಾತಂತ್ರ್ಯಾನಂತರವೂ ಆ ಸ್ವಭಾವ ಒಮ್ಮೆಲೇ ಬದಲಾಗಲಿಲ್ಲ. 1951ರಲ್ಲಿ ಸಾಗರ ತಾಲೂಕಿನ ಕಾಗೋಡಿನ ಬಡ ಗೇಣಿದಾರರು ಗೇಣಿ ಅಳೆಯುವ ಕೊಳಗದ ಅನ್ಯಾಯವನ್ನು ಪ್ರಶ್ನಿಸಿದಾಗ ಪೊಲೀಸರ ಲಾಠಿ ಯಾರ ಬೆನ್ನ ಮೇಲೆ ಬಿತ್ತೆಂಬುದನ್ನು ಈ ನೆಲದ ಹಿರಿಯರು ಮರೆತಿಲ್ಲ. ಅವರನ್ನು ಬೆಂಬಲಿಸಲು ಬಂದ ರಾಮಮನೋಹರ ಲೋಹಿಯಾ ಅವರನ್ನೂ ಬಂಧಿಸಲಾಯಿತು. ಅಂದರೆ ಠಾಣೆಯ ಭಯವು ಮುಸ್ಲಿಮರ ಏಕಸ್ವಾಮ್ಯವೇನಲ್ಲ. ಈ ಮಲೆನಾಡಿನ ದುರ್ಬಲರೆಲ್ಲರೂ ಅದನ್ನು ಉಂಡವರೇ.

ಆದರೆ ನಮ್ಮ ಪಾಲಿಗೆ ಇನ್ನೊಂದು ಭಾರ ಸೇರಿಕೊಂಡಿದೆ. 2022ರ ನವೆಂಬರ್ 19ರಂದು ಮಂಗಳೂರಿನ ಆಟೋ ರಿಕ್ಷಾದಲ್ಲಿ ಕುಕ್ಕರ್ ಸ್ಫೋಟಿಸಿದಾಗ, ಅದರ ಆರೋಪಿ ತೀರ್ಥಹಳ್ಳಿಯವನೆಂಬ ಸುದ್ದಿ ಹರಡಿತು. ಅಂತಹ ಕೃತ್ಯವನ್ನು ಯಾರೇ ಎಸಗಿರಲಿ, ಅವರಿಗೆ ಕಾನೂನಿನ ಪ್ರಕಾರ ಶಿಕ್ಷೆಯಾಗಲೇಬೇಕು. ಅದರಲ್ಲಿ ಎರಡು ಮಾತಿಲ್ಲ. ಆದರೆ ಒಬ್ಬ ಆರೋಪಿಯ ಹೆಸರಿನ ಪಕ್ಕದಲ್ಲಿ ಒಂದು ಊರಿನ ಹೆಸರು ಅಂಟಿಕೊಂಡಾಗ, ತುಂಗಾ ತೀರದಲ್ಲಿ ದುಡಿದು ತಿನ್ನುವ ಗ್ಯಾರೇಜಿನ ಹುಡುಗನೂ ಅಡಿಕೆ ವ್ಯಾಪಾರಿಯೂ ಅದರ ನೆರಳಿನಲ್ಲಿ ನಡೆಯಬೇಕಾಗುತ್ತದೆ. ಅಪರಾಧವು ವ್ಯಕ್ತಿಯದು. ಅದನ್ನು ಸಮುದಾಯದ ಖಾತೆಗೆ ಬರೆಯುವುದು ನ್ಯಾಯವೂ ಅಲ್ಲ, ಉತ್ತಮ ಪೊಲೀಸ್ ಕಾರ್ಯವೂ ಅಲ್ಲ.

ಇಷ್ಟು ಹೇಳಿದ ಮೇಲೆ ನಾವು ನಮ್ಮನ್ನೇ ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ. ನಾವು ಭಯಪಡುವ ಈ ವ್ಯವಸ್ಥೆಯ ಬಗ್ಗೆ ನಮಗೆಷ್ಟು ಗೊತ್ತು?

ಬೆಂಗಳೂರು, ಮೈಸೂರು, ಮಂಗಳೂರುಗಳಂತಹ ನಗರಗಳಲ್ಲಿ ಪೊಲೀಸ್ ಆಯುಕ್ತರಿದ್ದಾರೆ. ನಮ್ಮ ಜಿಲ್ಲೆಯಲ್ಲಿ ಆ ವ್ಯವಸ್ಥೆಯಿಲ್ಲ. ಶಿವಮೊಗ್ಗದಲ್ಲಿರುವ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಯೇ ಇಲ್ಲಿನ ಮುಖ್ಯಸ್ಥರು. ಅವರ ಮೇಲೆ ದಾವಣಗೆರೆಯಲ್ಲಿ ಪೂರ್ವ ವಲಯದ ಮಹಾನಿರೀಕ್ಷಕರಿದ್ದಾರೆ. ಅವರ ಕೆಳಗೆ ಉಪವಿಭಾಗಗಳಿಗೆ ಡಿವೈಎಸ್‌ಪಿಗಳು, ವೃತ್ತಗಳಿಗೆ ಇನ್‌ಸ್ಪೆಕ್ಟರ್‌ಗಳು, ಠಾಣೆಗಳಿಗೆ ಸಬ್ ಇನ್‌ಸ್ಪೆಕ್ಟರ್‌ಗಳು, ಗಸ್ತಿಗೆ ಹೆಡ್ ಕಾನ್‌ಸ್ಟೇಬಲ್ ಮತ್ತು ಕಾನ್‌ಸ್ಟೇಬಲ್‌ಗಳು ಇದ್ದಾರೆ. ಸಾಗರ ತಾಲೂಕಿನಲ್ಲಿ ಪೇಟೆ ಮತ್ತು ಗ್ರಾಮಾಂತರ ಠಾಣೆಗಳಲ್ಲದೆ ಆನಂದಪುರ, ಕಾರ್ಗಲ್‌ಗಳಲ್ಲಿ ಠಾಣೆಗಳಿವೆ. ಹೊಸನಗರ ತಾಲೂಕಿಗೆ ಹೊಸನಗರ, ನಗರ, ರಿಪ್ಪನ್‌ಪೇಟೆ ಠಾಣೆಗಳು. ತೀರ್ಥಹಳ್ಳಿ ತಾಲೂಕಿಗೆ ತೀರ್ಥಹಳ್ಳಿ, ಮಾಳೂರು, ಆಗುಂಬೆ ಠಾಣೆಗಳು. ಹೊಸನಗರದವರು ಇನ್ನೊಂದು ಸಂಗತಿಯನ್ನು ತಿಳಿದಿರಬೇಕು. ಅವರ ಉಪವಿಭಾಗಾಧಿಕಾರಿ, ಅಂದರೆ ಎ.ಸಿ., ಇರುವುದು ಸಾಗರದಲ್ಲಿ. ಡಿವೈಎಸ್‌ಪಿ ಇರುವುದು ತೀರ್ಥಹಳ್ಳಿಯಲ್ಲಿ. ಇಷ್ಟು ತಿಳಿಯದೆ ಅರ್ಜಿ ಹಿಡಿದು ತಪ್ಪು ಊರಿನ ಬಸ್ಸು ಹತ್ತುವವರು ನಮ್ಮಲ್ಲಿ ಕಡಿಮೆಯೇನಿಲ್ಲ.

ಆಯುಕ್ತರಿಲ್ಲದ ಜಿಲ್ಲೆಯಲ್ಲಿ ನಿಷೇಧಾಜ್ಞೆ ಹೊರಡಿಸುವ, ಶಾಂತಿಪಾಲನೆಗೆ ಮುಚ್ಚಳಿಕೆ ಬರೆಸಿಕೊಳ್ಳುವ ಅಧಿಕಾರವು ಪೊಲೀಸರಿಗಿಲ್ಲ. ಅದು ಜಿಲ್ಲಾಧಿಕಾರಿ, ಉಪವಿಭಾಗಾಧಿಕಾರಿ, ತಹಶೀಲ್ದಾರರಂತಹ ದಂಡಾಧಿಕಾರಿಗಳದ್ದು. ಹಬ್ಬದ ಮುನ್ನಾ ದಿನಗಳಲ್ಲಿ ನಮ್ಮ ಹುಡುಗರಿಗೆ ಬರುವ ನೋಟಿಸುಗಳು ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 107ನೇ ಕಲಮಿನಡಿ ಬರುತ್ತಿದ್ದವು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದು 126ನೇ ಕಲಮು. ಅದು ಶಿಕ್ಷೆಯಲ್ಲ. ತನ್ನ ಮೇಲಿರುವ ಮಾಹಿತಿಯ ಸಾರಾಂಶವನ್ನು ಲಿಖಿತ ಆದೇಶದಲ್ಲಿ ಪಡೆದು, ವಕೀಲರ ಮೂಲಕ ಉತ್ತರಿಸುವ ಹಕ್ಕು ಆ ಹುಡುಗನಿಗಿದೆ. ಆದರೆ ನಾವು ಮಾಡುವುದೇನು? ಓದದೆ ಸಹಿ ಹಾಕುತ್ತೇವೆ, ಇಲ್ಲವೇ ಹುಡುಗನನ್ನು ನೆಂಟರ ಮನೆಗೆ ಸಾಗಹಾಕುತ್ತೇವೆ. ಎರಡೂ ಅವನಿಗೇ ಮುಳುವಾಗುತ್ತವೆ.

ದೂರಿನ ವಿಷಯದಲ್ಲಿಯೂ ಇದೇ ಕಥೆ. ಶಿಕ್ಷಾರ್ಹವಾದ ಸಂಜ್ಞೇಯ ಅಪರಾಧದ ಮಾಹಿತಿ ಬಂದರೆ ಎಫ್‌ಐಆರ್ ದಾಖಲಿಸುವುದು ಕಡ್ಡಾಯವೆಂದು ಲಲಿತಾ ಕುಮಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರಲ್ಲಿಯೇ ತೀರ್ಪಿತ್ತಿದೆ. ಹೊಸ ಸಂಹಿತೆಯ 173ನೇ ಕಲಮಿನ ಪ್ರಕಾರ ಘಟನೆ ಯಾವ ಠಾಣೆಯ ಸರಹದ್ದಿನಲ್ಲಿಯೇ ನಡೆದಿರಲಿ, ಯಾವ ಠಾಣೆಯಲ್ಲಿಯಾದರೂ ಮಾಹಿತಿ ನೀಡಬಹುದು. ಮೂರರಿಂದ ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧಗಳಲ್ಲಿ ಮಾತ್ರ, ಡಿವೈಎಸ್‌ಪಿಯ ಅನುಮತಿ ಪಡೆದು 14 ದಿನಗಳೊಳಗೆ ಪ್ರಾಥಮಿಕ ವಿಚಾರಣೆ ನಡೆಸಲು ಅವಕಾಶವಿದೆ. ಎಫ್‌ಐಆರ್ ಪ್ರತಿಯನ್ನು ಉಚಿತವಾಗಿ ಕೊಡಬೇಕು. ಠಾಣೆಯಲ್ಲಿ ನಿರಾಕರಿಸಿದರೆ ಮಾಹಿತಿಯ ಸಾರಾಂಶವನ್ನು ಲಿಖಿತವಾಗಿ ಅಂಚೆಯ ಮೂಲಕ ವರಿಷ್ಠಾಧಿಕಾರಿಗೆ ಕಳುಹಿಸಬಹುದು. ಅಲ್ಲಿಯೂ ಆಗದಿದ್ದರೆ ನ್ಯಾಯಾಧೀಶರ ಮುಂದೆ ಹೋಗಬಹುದು. ತನಿಖೆ ಎಲ್ಲಿಗೆ ಬಂತೆಂಬುದನ್ನು 90 ದಿನಗಳೊಳಗೆ ದೂರುದಾರರಿಗೆ ತಿಳಿಸಬೇಕು.

ಬಂಧನಕ್ಕೂ ನಿಯಮಗಳಿವೆ. 1996ರ ಡಿ.ಕೆ. ಬಸು ಪ್ರಕರಣದ ತೀರ್ಪು ವಿಧಿಸಿದ ಎಚ್ಚರಿಕೆಗಳು ಇಂದು ಕಾನೂನಿನ ಭಾಗವಾಗಿವೆ. ಕಾರಣ ಹೇಳಬೇಕು, ಬಂಧುವಿಗೆ ತಿಳಿಸಬೇಕು, ಪ್ರಯಾಣದ ಹೊತ್ತನ್ನು ಬಿಟ್ಟು 24 ಗಂಟೆಗಳೊಳಗೆ ನ್ಯಾಯಾಧೀಶರ ಮುಂದೆ ಹಾಜರುಪಡಿಸಬೇಕು. ಮಹಿಳೆಯರನ್ನಾಗಲಿ, ಹದಿನೈದಕ್ಕಿಂತ ಕಡಿಮೆ ಅಥವಾ ಅರುವತ್ತಕ್ಕಿಂತ ಹೆಚ್ಚು ವಯಸ್ಸಿನವರನ್ನಾಗಲಿ ಸಾಕ್ಷ್ಯದ ವಿಚಾರಣೆಗೆಂದು ಠಾಣೆಗೆ ಕರೆಸುವಂತಿಲ್ಲ, ಅವರಿರುವ ಮನೆಗೇ ಹೋಗಬೇಕು. ಈ ಸಾಲುಗಳನ್ನು ಓದುತ್ತಿರುವ ಎಷ್ಟು ಮಂದಿಗೆ ಇವು ಹೊಸ ಸಂಗತಿಗಳು? ನಮ್ಮ ಅಜ್ಞಾನವೇ ಮಧ್ಯವರ್ತಿಯ ಬಂಡವಾಳ. ಉಚಿತವಾಗಿ ಸಿಗಬೇಕಾದ ಪ್ರತಿಗೆ ಅವನು ದರ ಕಟ್ಟುತ್ತಾನೆ. ಹಕ್ಕಿನಿಂದ ದೊರೆತುದನ್ನು ತನ್ನ ಪ್ರಭಾವದಿಂದ ದೊರೆಯಿತೆಂದು ನಂಬಿಸುತ್ತಾನೆ. ಚುನಾವಣೆ ಬಂದಾಗ ಆ ಋಣವನ್ನು ಮತದ ರೂಪದಲ್ಲಿ ವಸೂಲು ಮಾಡುತ್ತಾನೆ. ಪ್ರಾಮಾಣಿಕ ಅಧಿಕಾರಿಗೂ ಸಮುದಾಯಕ್ಕೂ ನಡುವೆ ಗೋಡೆಯಾಗಿ ನಿಲ್ಲುವವನೂ ಅವನೇ.

ಅಧಿಕಾರಕ್ಕೆ ಮಿತಿಯಿದೆ, ಆ ಮಿತಿಯನ್ನು ಅಧಿಕಾರಸ್ಥನ ಮುಖಕ್ಕೆ ಹೇಳಬಹುದು ಎಂಬುದು ನಮಗೆ ಹೊಸ ಪಾಠವೇ? ಖಲೀಫಾ ಉಮರ್(ರ) ಮದೀನಾದ ಬೀದಿಗಳಲ್ಲಿ ಇರುಳು ಗಸ್ತು ತಿರುಗುತ್ತಿದ್ದರೆಂಬುದು ನಮ್ಮ ಮಕ್ಕಳಿಗೂ ಗೊತ್ತು. ಆ ಗಸ್ತಿನ ಇನ್ನೊಂದು ಪ್ರಸಂಗವನ್ನು ಗ್ರಂಥಗಳು ಹೇಳುತ್ತವೆ. ಮನೆಯೊಂದರಿಂದ ಸದ್ದು ಕೇಳಿ ಅವರು ಗೋಡೆಯೇರಿ ಒಳಗಿಳಿದರು. ಒಳಗಿದ್ದವನು ತಪ್ಪಿನಲ್ಲಿಯೇ ಸಿಕ್ಕಿಬಿದ್ದ. ಆದರೆ ಆತ ಎದುರುತ್ತರ ಕೊಟ್ಟ. ನನ್ನದು ಒಂದು ತಪ್ಪಾದರೆ ತಮ್ಮದು ಮೂರು. ಗೂಢಚರ್ಯೆ ಮಾಡಿದಿರಿ, ಬಾಗಿಲು ಬಿಟ್ಟು ಗೋಡೆಯಿಂದ ಬಂದಿರಿ, ಅನುಮತಿ ಕೇಳದೆ ಸಲಾಮ್ ಹೇಳದೆ ಪ್ರವೇಶಿಸಿದಿರಿ ಎಂದ. ಮೂರನ್ನೂ ಕುರ್‌ಆನ್ ನಿಷೇಧಿಸಿದೆ ಎಂಬುದನ್ನು ನೆನಪಿಸಿದ. ಉಮರ್(ರ) ಅದನ್ನೊಪ್ಪಿ ಮರಳಿದರು. ಇಂದಿನ ಸಂಹಿತೆಯು ಮನೆಯ ಶೋಧಕ್ಕೆ ಸ್ಥಳೀಯ ಸಾಕ್ಷಿಗಳು ಬೇಕೆಂದೂ ಶೋಧದ ವಿಡಿಯೊ ಚಿತ್ರೀಕರಣವಾಗಬೇಕೆಂದೂ ವಿಧಿಸಿರುವುದರ ಹಿಂದೆ ಇರುವುದು ಇದೇ ವಿವೇಕ. ಪ್ರಶ್ನಿಸುವುದು ಪ್ರಜೆಯ ಹಕ್ಕು, ಒಪ್ಪಿಕೊಳ್ಳುವುದು ಆಳುವವರ ಘನತೆ.

ಆದರೆ ಹಕ್ಕುಗಳನ್ನು ಕೇಳುವ ಬಾಯಿ ಕರ್ತವ್ಯವನ್ನೂ ಹೇಳಬೇಕು. ನಮ್ಮ ಮನೆಯೊಳಗಿನ ದೂರುಗಳನ್ನು ನಾವೆಷ್ಟು ಹೂತುಹಾಕುತ್ತಿಲ್ಲ? ಗಂಡನ ಹೊಡೆತ ತಿಂದು ಬಂದ ಹೆಣ್ಣುಮಗಳಿಗೆ ಜಮಾಅತ್‌ನ ಪಂಚಾಯಿತಿಯಲ್ಲಿ ಮೂರು ಬಾರಿ ‘ಸಹನೆ’ಯ ಉಪದೇಶ ಮಾಡಿ ಹಿಂದಕ್ಕೆ ಕಳುಹಿಸುವುದು ಸಂಧಾನವಲ್ಲ, ಅನ್ಯಾಯದಲ್ಲಿ ಪಾಲುದಾರಿಕೆ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ ರಕ್ಷಣೆ ಅವಳಿಗೂ ಇದೆ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಾಗ, ನಡೆದ ಸ್ಥಳ ಮನೆಯಾಗಿರಲಿ, ಶಾಲೆಯಾಗಿರಲಿ, ಮದ್ರಸಾವೇ ಆಗಿರಲಿ, ಗೊತ್ತಿದ್ದೂ ಪೊಲೀಸರಿಗೆ ತಿಳಿಸದಿರುವುದು 2012ರ ಪೋಕ್ಸೊ ಕಾಯ್ದೆಯಡಿ ಸ್ವತಃ ಅಪರಾಧ. ಗಾಂಜಾ ಮಾರುವವನು ‘ನಮ್ಮವ’ನೆಂಬ ಕಾರಣಕ್ಕೆ ಮೌನ ತಾಳುವವರು ನಾಳೆ ತಮ್ಮ ಮಗನನ್ನೇ ಕಳಕೊಳ್ಳಬಹುದು. ಸ್ವಂತದವರಿಗೆ, ಹೆತ್ತವರಿಗೆ ವಿರುದ್ಧವಾದರೂ ನ್ಯಾಯಕ್ಕೆ ಸಾಕ್ಷಿಯಾಗಬೇಕೆಂಬುದು ಅನ್ನಿಸಾ ಅಧ್ಯಾಯದ 135ನೇ ಸೂಕ್ತದ ಆದೇಶ. ಅದನ್ನು ಮಿಂಬರಿನಿಂದ ಓದಿ ಮೊಹಲ್ಲಾದಲ್ಲಿ ಮರೆಯುವುದು ಯಾವ ಧಾರ್ಮಿಕತೆ?

ಇನ್ನೊಂದು ಕೊರತೆಯೂ ನಮ್ಮದೇ. 2006ರ ಸಾಚಾರ್ ಸಮಿತಿಯ ವರದಿಯ ಪ್ರಕಾರ, ದೇಶದ ಜನಸಂಖ್ಯೆಯಲ್ಲಿ ಶೇ. 13.4ರಷ್ಟಿದ್ದ ಮುಸ್ಲಿಮರ ಪಾಲು ಐಪಿಎಸ್‌ನಲ್ಲಿ ಕೇವಲ ಶೇ. 4ರಷ್ಟಿತ್ತು. ಇದಕ್ಕೆ ತಾರತಮ್ಯವೂ ಕಾರಣವಿರಬಹುದು. ಆದರೆ ಅರ್ಜಿಯನ್ನೇ ಹಾಕದವನಿಗೆ ತಾರತಮ್ಯದ ದೂರು ಹೇಳುವ ಅಧಿಕಾರವೆಲ್ಲಿದೆ? ಕಾನ್‌ಸ್ಟೇಬಲ್, ಸಬ್ ಇನ್‌ಸ್ಪೆಕ್ಟರ್ ನೇಮಕಾತಿಯ ಪ್ರಕಟಣೆ ಬಂದಾಗ ನಮ್ಮ ಪದವೀಧರರು ವೀಸಾದ ದಾರಿ ನೋಡುತ್ತಿರುತ್ತಾರೆ. ಖಾಕಿ ತೊಟ್ಟ ನಮ್ಮ ಮಗನೋ ಮಗಳೋ ಠಾಣೆಯಲ್ಲಿರುವುದು ನಮಗೆ ವಿನಾಯಿತಿ ಕೊಡಿಸಲಿಕ್ಕಲ್ಲ. ಠಾಣೆಯು ಎಲ್ಲರದೂ ಎಂಬ ನಂಬಿಕೆ ಎಲ್ಲರಲ್ಲಿಯೂ ಹುಟ್ಟಲಿಕ್ಕೆ.

ಇಲಾಖೆಯ ಮುಂದೆಯೂ ನಾವು ಇಡಬೇಕಾದ ಮಾತುಗಳಿವೆ. ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರ ಸೆಪ್ಟೆಂಬರಿನಲ್ಲಿ ಏಳು ನಿರ್ದೇಶನಗಳನ್ನು ನೀಡಿತು. ರಾಜಕಾರಣಿಗಳ ಮರ್ಜಿಯ ವರ್ಗಾವಣೆಗೆ ತಡೆ, ತನಿಖೆಯನ್ನು ಬಂದೋಬಸ್ತಿನಿಂದ ಪ್ರತ್ಯೇಕಿಸುವುದು, ಪೊಲೀಸರ ವಿರುದ್ಧದ ದೂರುಗಳಿಗೆ ಪ್ರಾಧಿಕಾರ ಇವು ಅದರಲ್ಲಿ ಮುಖ್ಯವಾದವು. ಕರ್ನಾಟಕವು 2012ರಲ್ಲಿ ಕಾಯ್ದೆಗೆ ತಿದ್ದುಪಡಿ ತಂದು ರಾಜ್ಯ ಮತ್ತು ಜಿಲ್ಲಾ ಮಟ್ಟದಲ್ಲಿ ದೂರು ಪ್ರಾಧಿಕಾರಗಳಿಗೆ ಅವಕಾಶ ಕಲ್ಪಿಸಿತು. ಠಾಣೆಗಳಲ್ಲಿ ಸಿಸಿಟಿವಿ ಕಡ್ಡಾಯವೆಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಕಾಗದದ ಮೇಲಿನ ಈ ಸುಧಾರಣೆಗಳು ಸಾಮಾನ್ಯನ ಕೈಗೆಟಕುವಂತಾಗಬೇಕು. ದೂರು ಪ್ರಾಧಿಕಾರದ ವಿಳಾಸವು ಪ್ರತಿ ಠಾಣೆಯ ಫಲಕದಲ್ಲಿ ಕನ್ನಡದಲ್ಲಿ ಕಾಣಬೇಕು. ಶಾಂತಿ ಸಮಿತಿಯ ಸಭೆಗಳು ಗಣೇಶೋತ್ಸವ ಮತ್ತು ಮೀಲಾದ್‌ನ ಮುನ್ನಾ ದಿನ ಮಾತ್ರ ಕರೆಯುವ ಚಹಾಕೂಟಗಳಾಗದೆ, ವರ್ಷವಿಡೀ ನಡೆಯಬೇಕು. ಅಲ್ಲಿಗೆ ಬರುವವರು ಅದೇ ಹತ್ತು ಮುಖಂಡರಾಗದೆ ಶಿಕ್ಷಕರು, ಮಹಿಳೆಯರು, ವಿದ್ಯಾರ್ಥಿಗಳೂ ಆಗಬೇಕು.

2017ರಲ್ಲಿ ರಾಜ್ಯದಲ್ಲಿ ಜಾರಿಗೆ ಬಂದ ಸುಧಾರಿತ ಗಸ್ತು ವ್ಯವಸ್ಥೆಯು ಸಿಬ್ಬಂದಿಗೆ ಒಂದೊಂದು ಗಸ್ತು ಪ್ರದೇಶವನ್ನು ವಹಿಸಿ, ಅಲ್ಲಿನ ನಾಗರಿಕರನ್ನು ಜೊತೆಗೂಡಿಸಿಕೊಂಡಿತು. 2025ರ ಜುಲೈನಲ್ಲಿ ‘ಮನೆ ಮನೆಗೆ ಪೊಲೀಸ್’ ಯೋಜನೆ ಆರಂಭವಾಯಿತು. ಇವುಗಳನ್ನು ನಾವು ಸಂಶಯದಿಂದ ನೋಡುವ ಬದಲು ಸದುಪಯೋಗಪಡಿಸಿಕೊಳ್ಳೋಣ. ಬಾಗಿಲಿಗೆ ಬಂದ ಸಿಬ್ಬಂದಿಯ ಹೆಸರು ಕೇಳೋಣ, ಬೀದಿ ದೀಪವಿಲ್ಲದ ತಿರುವನ್ನೂ ಶಾಲೆಯ ದಾರಿಯಲ್ಲಿ ಕಾಡುವ ಪುಂಡರನ್ನೂ ಅವರ ಗಮನಕ್ಕೆ ತರೋಣ. ಅವರೂ ಪಟ್ಟಿ ಬರೆದುಕೊಳ್ಳಲು ಮಾತ್ರ ಬರದೆ ಅಹವಾಲು ಕೇಳಲು ಬರಲಿ. ಗಸ್ತಿನವನು ಮೊಹಲ್ಲಾವನ್ನು ಬಲ್ಲವನಾದರೆ ವದಂತಿಗೆ ಅಲ್ಲಿ ಬೆಲೆಯಿರುವುದಿಲ್ಲ.

ಮಸೀದಿ ಆಡಳಿತ ಸಮಿತಿಗಳಿಗೆ ನಮ್ಮ ವಿನಂತಿ ಇಷ್ಟೇ. ವರ್ಷಕ್ಕೆರಡು ಬಾರಿ ಒಬ್ಬ ವಕೀಲರನ್ನೂ ಠಾಣಾಧಿಕಾರಿಯನ್ನೂ ಕರೆದು ಯುವಕರ ಮುಂದೆ ಕೂರಿಸಿರಿ. ಮಹಿಳೆಯರಿಗೆ ಪ್ರತ್ಯೇಕ ಸಭೆ ಏರ್ಪಡಿಸಿರಿ. ದೂರನ್ನು ಬರೆಯಲು, ಪ್ರತಿಯ ಮೇಲೆ ಸ್ವೀಕೃತಿ ಪಡೆಯಲು ಕಲಿಸಿರಿ. 112 ಎಂಬ ಸಂಖ್ಯೆಯನ್ನು ನಮಾಝ್ ವೇಳಾಪಟ್ಟಿಯ ಪಕ್ಕದಲ್ಲಿಯೇ ಅಂಟಿಸಿರಿ. ಇದಕ್ಕೆ ದೊಡ್ಡ ನಿಧಿ ಬೇಕಾಗಿಲ್ಲ, ಮನಸ್ಸು ಬೇಕು.

ತಪ್ಪು ಮಾಡದವನು ತಲೆ ತಗ್ಗಿಸಿ ಠಾಣೆಗೆ ಹೋಗಬೇಕಾಗಿಲ್ಲ. ತಪ್ಪು ಮಾಡಿದವನನ್ನು ಸಮುದಾಯವು ತಲೆಯ ಮೇಲೆ ಹೊರಬೇಕಾಗಿಲ್ಲ. ಈ ಎರಡು ಮಾತುಗಳನ್ನು ನಮ್ಮ ಮಕ್ಕಳಿಗೆ ಕಲಿಸಿದ ದಿನ, ಬಾಗಿಲು ತಟ್ಟಿದ ಖಾಕಿಗೆ ನಮ್ಮ ಮನೆಯ ಹಿರಿಯರು ಮುಖಂಡನಿಗೆ ಫೋನ್ ಮಾಡದೆ, ‘ಬನ್ನಿ, ಕುಳಿತುಕೊಳ್ಳಿ’ ಎಂದಾರು.