ಪೋಲಿಯೋ ಗೆದ್ದವರಿಗೆ ಕೂಲಿ ಎಲ್ಲಿ?

2014ರ ಮಾರ್ಚ್ 27ರಂದು ವಿಶ್ವ ಆರೋಗ್ಯ ಸಂಸ್ಥೆಯು ಭಾರತವೂ ಸೇರಿದ್ದ ತನ್ನ ಆಗ್ನೇಯ ಏಷ್ಯಾ ವಲಯದ 11 ದೇಶಗಳನ್ನು ಪೋಲಿಯೋಮುಕ್ತವೆಂದು ಸಾರಿತು. ಈ ಪ್ರಮಾಣಪತ್ರ ಸುಮ್ಮನೆ ಬರಲಿಲ್ಲ. 2011ರ ಜನವರಿಯಲ್ಲಿ ಬಂಗಾಳದ ಹೌರಾದಲ್ಲಿ ಕಂಡ ಕೊನೆಯ ರೋಗಿಯ ನಂತರ, ಕೈಕಾಲು ದಿಢೀರನೆ ಸೋತ ಮಕ್ಕಳನ್ನು ಹುಡುಕಿ ಹುಡುಕಿ ಪರೀಕ್ಷಿಸಿ, ಮೂರು ವರ್ಷ ರೋಗವಿಲ್ಲವೆಂದು ರುಜುವಾತು ಮಾಡಬೇಕಾಯಿತು.

ಇದನ್ನು ಸಾಧಿಸಿದವರು ಯಾರು? ಬಿಸಿಲು ಮಳೆಯೆನ್ನದೆ ಮನೆಮನೆಗೆ ನಡೆದು ಹನಿ ಹಾಕಿದ ಅಂಗನವಾಡಿ, ಆಶಾ ಸೋದರಿಯರು. ಅವರಿಗೆ ಇಂದಿಗೂ ಸಿಗುತ್ತಿರುವುದು ಸಂಬಳವಲ್ಲ, ಗೌರವಧನ! ಹೊಗಳಿಕೆಯಿಂದ ಒಲೆ ಉರಿಯುವುದಿಲ್ಲ.

ಪಾಕಿಸ್ತಾನ, ಆಫ್ಘಾನಿಸ್ತಾನಗಳಲ್ಲಿ ರೋಗ ಇನ್ನೂ ಅಳಿದಿಲ್ಲ. ಆದ್ದರಿಂದ ನಾವು ಮೈಮರೆಯುವಂತಿಲ್ಲ. ದುಡಿಯುವ ಬಂಧುಗಳೇ, ಮಕ್ಕಳಿಗೆ ತಪ್ಪದೆ ಹನಿ ಹಾಕಿಸಿರಿ. ಹಾಕುವ ಕೈಗಳಿಗೆ ನ್ಯಾಯವಾದ ವೇತನ ಕೊಡಿರೆಂದು ಸರ್ಕಾರವನ್ನು ಕೇಳಿರಿ.