ಕೊಳಚೆ ಸ್ಥಾವರಕ್ಕೆ ಬಾಗಿಲು ತೆರೆದವರು

ಅಮೇರಿಕದ ಸಿಯಾಟಲ್ ನಗರದ ಬಳಿ ರೆಂಟನ್ ಎಂಬ ಊರಿದೆ. ಸುತ್ತಣ ಪಟ್ಟಣಗಳ ಕಕ್ಕಸು, ಬಚ್ಚಲುಗಳ ನೀರನ್ನು ಶುದ್ಧೀಕರಿಸುವ ಸ್ಥಾವರವೊಂದು ಅಲ್ಲಿ 1965ರಿಂದ ನಡೆಯುತ್ತಿದೆ. ಅದರ ಒಡೆತನದ ಕಿಂಗ್ ಕೌಂಟಿ ಆಡಳಿತವು ತನ್ನ ಸ್ಥಾವರಗಳನ್ನು ಸಾರ್ವಜನಿಕರಿಗೂ ಶಾಲಾಮಕ್ಕಳಿಗೂ ಸುತ್ತಿ ತೋರಿಸುತ್ತ ಬಂದಿದೆ. ಮೂಗು ಮುಚ್ಚಿ ದೂರ ಸರಿಯುವ ಜಾಗಕ್ಕೆ ಜನರನ್ನು ಕರೆಯುವುದೆಂದರೆ ನಮ್ಮವರಿಗೆ ವಿಚಿತ್ರವೆನಿಸೀತು.

ರೆಂಟನ್ನಿನ ಇನ್ನೊಂದು ವಿಶೇಷವೆಂದರೆ ಅಲ್ಲಿನ ತೋಟ. ಲೋರ್ನಾ ಜೋರ್ಡಾನ್ ಎಂಬ ಕಲಾವಿದೆ ಎಂಟು ಎಕ್ರೆ ನೆಲವನ್ನೇ ಶಿಲ್ಪವಾಗಿ ರೂಪಿಸಿ 1996ರಲ್ಲಿ ಪೂರ್ಣಗೊಳಿಸಿದ ಕೃತಿಯಿದು. ಕರಿಕಲ್ಲಿನ ಕಂಬಗಳ ದಿಬ್ಬದಿಂದ ಇಳಿದ ನೀರು ಸಾಲುಕೊಳಗಳನ್ನೂ ಗುಹೆಯಂತಹ ಮಂಟಪವನ್ನೂ ಹಾದು ಜೌಗುಭೂಮಿಗೆ ಸೇರಿ, ಕೊನೆಗೆ ತೊರೆಗೆ ಹರಿಯುತ್ತದೆ. ಇಲ್ಲಿ ತಿಳಿಯಾಗುವುದು ಕೊಳಚೆಯಲ್ಲ, ಸ್ಥಾವರದ ರಸ್ತೆ ಮತ್ತು ವಾಹನ ನಿಲುಗಡೆಯ ಜಾಗದಿಂದ ಎಣ್ಣೆ, ಮಣ್ಣು ಹೊತ್ತು ಬರುವ ಮಳೆನೀರು. ಎಣ್ಣೆಯೂ ಕೆಸರೂ ಕೊಳಗಳಲ್ಲಿ ಉಳಿಯುತ್ತವೆ, ಮಿಕ್ಕದ್ದನ್ನು ಜೌಗಿನ ಗಿಡಗಳು ನೋಡಿಕೊಳ್ಳುತ್ತವೆ. ಯಂತ್ರಾಗಾರದಲ್ಲಿ ಕಣ್ಣಿಗೆ ಬೀಳದ ಕಾರ್ಯ ಇಲ್ಲಿ ನಡೆದಾಡುವವನ ಕಾಲ ಬುಡದಲ್ಲೇ ಆಗುತ್ತಿದೆ.

ಇದು ಸಿರಿವಂತ ದೇಶದ ಶೋಕಿ ಎಂದು ತಳ್ಳಿಹಾಕುವಂತಿಲ್ಲ. 1950ರ ದಶಕದಲ್ಲಿ ಅಲ್ಲಿನ ವಾಷಿಂಗ್ಟನ್ ಸರೋವರ ಊರುಗಳ ಕೊಳಚೆಯಿಂದ ಪಾಚಿಗಟ್ಟಿತ್ತು. ಪರಿಹಾರದ ಯೋಜನೆ 1958ರ ಮಾರ್ಚಿನಲ್ಲಿ ಮತಕ್ಕೆ ಬಂದಾಗ ಬಿದ್ದುಹೋಯಿತು. ಡಬ್ಲ್ಯು. ಟಿ. ಎಡ್ಮಂಡ್‌ಸನ್‌ರಂತಹ ವಿಜ್ಞಾನಿಗಳು ಕಾರಣವನ್ನು ಬಿಡಿಸಿ ಹೇಳಿದ್ದರು, ನಾಗರಿಕರು ಮನೆಮನೆಗೆ ಹೋಗಿ ಪ್ರಚಾರ ಮಾಡಿದರು. ಕಿರಿದುಗೊಳಿಸಿದ ಯೋಜನೆ ಸೆಪ್ಟೆಂಬರಿನಲ್ಲಿ ಗೆದ್ದಿತು. 1968ರ ಹೊತ್ತಿಗೆ ಕೊಳಚೆ ಸರೋವರಕ್ಕೆ ಬೀಳುವುದು ನಿಂತು, ಮೂರಡಿ ಆಳವೂ ಕಾಣದಿದ್ದ ನೀರು ಕೆಲವೇ ವರ್ಷಗಳಲ್ಲಿ ತಿಳಿಯಾಯಿತು. ತೆರಿಗೆ ಕೊಡುವವನು ಅರ್ಥಮಾಡಿಕೊಂಡ ಮೇಲೆಯೇ ಕೆಲಸ ಸಾಗಿತು.

ನಮ್ಮಲ್ಲಿ ಕ್ರಮ ತಿರುಗುಮುರುಗು. ಜಾಗ ಮೊದಲೇ ಗೊತ್ತಾಗುತ್ತದೆ, ವಿವರಣೆ ಪೋಲೀಸರ ಹಿಂದೆ ಬರುತ್ತದೆ. ಕಲ್ಲಿಕೋಟೆಯ ಆವಿಕ್ಕಲ್‌ತೋಡಿನಲ್ಲಿ 2022ರಲ್ಲಿ ಸ್ಥಾವರದ ವಿರುದ್ಧ ಊರಿಗೆ ಊರೇ ಬೀದಿಗಿಳಿದುದನ್ನು ಕಂಡಿದ್ದೇವೆ. ಆ ಜನರನ್ನು ಅಜ್ಞಾನಿಗಳೆನ್ನುವುದು ಸುಲಭ. ನಾರದ ಸ್ಥಾವರವೊಂದನ್ನು ಅವರಿಗೆ ತೋರಿಸಿದವರು ಎಷ್ಟು ಮಂದಿ? ಅತ್ತ, ಬೇಡವೆನ್ನುತ್ತ ಕುಳಿತರೂ ಕೊಳಚೆ ಕಾಯುವುದಿಲ್ಲ. ನಮ್ಮ ಜಿಲ್ಲೆಯ ಮುರಕಲ್ಲಿನ ನೆಲ ನೀರನ್ನು ಬೇಗ ಇಳಿಸಿಬಿಡುತ್ತದೆ. ಐದು ಸೆಂಟ್ಸ್ ಜಾಗದಲ್ಲಿ ಮನೆ, ಬಾವಿ, ಕಕ್ಕಸುಗುಂಡಿ ಮೂರೂ ಇದ್ದರೆ ಗುಂಡಿಯದು ಎಲ್ಲಿಗೆ ಹೋಗುತ್ತದೆಂದು ಹೇಳಬೇಕಾಗಿಲ್ಲ.

ತಿರುವನಂತಪುರದ ಮುಟ್ಟತ್ತರದಲ್ಲಿ ದಿನಕ್ಕೆ 10.7 ಕೋಟಿ ಲೀಟರ್ ಸಾಮರ್ಥ್ಯದ ಸ್ಥಾವರವಿದೆ. ಇಲ್ಲಿ ಯೋಜನೆಯ ನಕ್ಷೆ ಬರೆಯುವ ಮುನ್ನ ಸಂಬಂಧಪಟ್ಟ ವಾರ್ಡಿನಿಂದ ಐವತ್ತು ಮಂದಿಯನ್ನು, ಅದರಲ್ಲೂ ವಿರೋಧಿಸುವವರನ್ನೇ ಆರಿಸಿ, ಅಲ್ಲಿಗೆ ಕರೆದೊಯ್ಯಲಿ. ಒಂದು ರಾತ್ರಿಯ ರೈಲು ಪ್ರಯಾಣದ ವೆಚ್ಚ ನಗರಸಭೆಗೆ ಹೊರೆಯಾಗದು.