ಕಲ್ಲು ಇಡುವ ಲೆಕ್ಕ

ನಮ್ಮ ಸುರಪುರ ಸೀಮೆಯ ಇಸಾಂಪುರದಲ್ಲಿ ಆದಿಮಾನವರು ಸುಣ್ಣಕಲ್ಲು ಒಡೆದು ಕೈಗೊಡಲಿ ಮಾಡಿದ ಜಾಗವಿದೆ. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ಅಲ್ಲಿ ಉತ್ಖನನ ನಡೆಸಿದರು. ಸಿಕ್ಕ ಪ್ರಾಣಿಗಳ ಹಲ್ಲು ಪರೀಕ್ಷಿಸಿ, ಸುಮಾರು 12 ಲಕ್ಷ ವರ್ಷ ಎಂದು 2002ರಲ್ಲಿ ಪ್ರಕಟಿಸಲಾಯಿತು. ಮಣ್ಣಿನ ವಿಕಿರಣದ ಗುರುತು ಹಲ್ಲಿನಲ್ಲಿ ವರ್ಷವರ್ಷವೂ ಜಮೆಯಾಗುತ್ತದೆ, ಅದನ್ನು ಅಳೆಯುತ್ತಾರೆ.

ಕಲ್ಲೂ ಹೀಗೆ ಲೆಕ್ಕ ಇಡುತ್ತದೆ. ಅಂಟಾರ್ಕ್ಟಿಕಾದಲ್ಲಿ ಹಿಮ ಸರಿದು ಬಂಡೆ ಬಯಲಾದ ದಿನದಿಂದ, ಆಕಾಶದ ಕಿರಣಗಳು ತಾಗಿ ಅದರ ಬೆಣಚುಕಲ್ಲಿನಲ್ಲಿ ಬೆರಿಲಿಯಂ-10 ಕೂಡುತ್ತಾ ಹೋಗುತ್ತದೆ. ಹಿಮ ಯಾವಾಗ ಹಿಂದೆ ಸರಿಯಿತೆಂದು ಅದರಿಂದ ತಿಳಿಯುತ್ತಾರೆ. ನಡುವೆ ಬಂಡೆ ಮಗುಚಿದ್ದರೆ ಲೆಕ್ಕ ತಪ್ಪಿತು.

ನಮ್ಮ ಕೈಗೊಡಲಿಯದೂ ಅದೇ ಪಾಡು. ಯಾವ ಪದರದಲ್ಲಿತ್ತೆಂದು ತಿಳಿಯದಿದ್ದರೆ ಅದು ಬರೀ ಕಲ್ಲು. ಚಿಕ್ಕಂದಿನಲ್ಲಿ ಅಂಥದ್ದೊಂದನ್ನು ಹೊಲದಿಂದ ತಂದು ಬಾಗಿಲಿಗೆ ಒತ್ತಿಟ್ಟಿದ್ದೆ. ಯಾವ ಹೊಲವೆಂದು ಈಗ ನೆನಪಿಲ್ಲ.